ದುಡ್ಡಿನ ಮಾತು ನಡೆಯದ ಕಡೆ

ಹಣ ಮಾಡಿದವರ ಮಾತಿಗೆ ಕಿವಿಗೊಡುವವರು ಎಲ್ಲ ಕಾಲದಲ್ಲೂ ಹೆಚ್ಚು. ಅಮೆರಿಕದ ಒಮಾಹಾ ನಗರದಲ್ಲಿ ವರ್ಷಕ್ಕೊಮ್ಮೆ ಬರ್ಕ್‌ಷೈರ್ ಹ್ಯಾಥವೇ ಕಂಪನಿಯ ಷೇರುದಾರರ ಸಭೆ ನಡೆಯುತ್ತದೆ. ಅದನ್ನು ನಡೆಸುತ್ತಿದ್ದ ಹೂಡಿಕೆದಾರ ವಾರನ್ ಬಫೆಟ್ ಅವರ ಮಾತು ಕೇಳಲು ದೇಶವಿದೇಶಗಳಿಂದ ಸಾವಿರಾರು ಜನ ಅಲ್ಲಿ ಸೇರುತ್ತಿದ್ದರು. ವಿಮೆ, ರೈಲು, ಬಡ್ಡಿದರಗಳ ಪ್ರಶ್ನೆ ಮುಗಿಯುತ್ತಿದ್ದಂತೆ ಯಾರಾದರೂ ಎಳೆಯರು ಎದ್ದು ನಿಂತು, ಬಾಳುವುದು ಹೇಗೆ ಎಂದು ಕೇಳುವುದು ಅಲ್ಲಿನ ವಾಡಿಕೆಯಾಗಿತ್ತು. ಷೇರು ಕೊಳ್ಳಲು ಕಲಿಯಬಂದವರು ಬಾಳಸಂಗಾತಿಯನ್ನು ಆರಿಸುವ ಬಗ್ಗೆಯೂ ಉತ್ತರ ಪಡೆದು ಹೋಗುತ್ತಿದ್ದರು.

ಈ ನಂಬಿಕೆಗೆ ಆಧಾರವಿದೆಯೇ? ಹಣ ಬೆಳೆಸುವ ಜಾಣ್ಮೆ ಇದ್ದವರಿಂದ ಪ್ರೀತಿ, ಔದಾರ್ಯ, ಮನುಷ್ಯನ ನಿಜವಾದ ಯೋಗ್ಯತೆ ಇವುಗಳ ಬಗ್ಗೆ ನಾವು ಕಲಿಯಬಹುದಾದದ್ದು ಇದೆಯೇ? ಇದೆ ಎನ್ನುವವರಿದ್ದಾರೆ. ಅವರ ದಾನವೇ ಒಂದು ಬಗೆಯ ದರ್ಪ ಎನ್ನುವವರೂ ಇದ್ದಾರೆ. ನಡುವೆ ಅರ್ಥಶಾಸ್ತ್ರಜ್ಞರು, ಮನಶ್ಶಾಸ್ತ್ರಜ್ಞರು, ತತ್ವಜ್ಞರು ತಮ್ಮ ತಮ್ಮ ಅಳತೆಗೋಲು ಹಿಡಿದು ನಿಂತಿದ್ದಾರೆ. ಈ ಎಲ್ಲ ವಾದಗಳನ್ನು ಒಂದು ಕಡೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಹಳೆಯ ಪ್ರಶ್ನೆ, ಹೊಸ ಸಿರಿವಂತರು

ಸಿರಿ ಬಂದವರು ಏನು ಮಾಡಬೇಕು ಎಂಬ ಪ್ರಶ್ನೆ ಷೇರುಪೇಟೆಗಿಂತ ಬಹಳ ಹಳೆಯದು. ಸಾವಿರ ವರ್ಷದ ಹಿಂದೆ ಕನ್ನಡ ನಾಡಿನಲ್ಲಿ ಅತ್ತಿಮಬ್ಬೆ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಸಿ ಹಂಚಿದಳು. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಆ ಹೆಣ್ಣುಮಗಳಿಗೆ ನಾಡು ದಾನಚಿಂತಾಮಣಿ ಎಂಬ ಹೆಸರು ಕೊಟ್ಟಿತು. 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜ ದೇಸಾಯರು ಮಕ್ಕಳ ವಿದ್ಯೆಗೆಂದು ತಮ್ಮ ಆಸ್ತಿಯನ್ನು ಬರೆದಿಟ್ಟು ಹೋದರು.

ಆಧುನಿಕ ಚರ್ಚೆ ಮೊದಲಾಗುವುದು 1889ರಲ್ಲಿ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಆ ವರ್ಷ ಸಂಪತ್ತಿನ ಬಗ್ಗೆ ಒಂದು ಪ್ರಬಂಧ ಬರೆದರು. ಕೂಡಿಟ್ಟ ಹಣವನ್ನು ಬದುಕಿರುವಾಗಲೇ ಜನರ ಒಳಿತಿಗೆ ಖರ್ಚು ಮಾಡಬೇಕು, ಸಿರಿವಂತನಾಗಿಯೇ ಸಾಯುವುದು ಅವಮಾನ ಎಂಬುದು ಅದರ ಸಾರ. 1901ರಲ್ಲಿ ಅವರು ತಮ್ಮ ಉದ್ಯಮವನ್ನು 48 ಕೋಟಿ ಡಾಲರಿಗೆ ಮಾರಿದರು. ಅವರ ಹಣದಿಂದ ಜಗತ್ತಿನಾದ್ಯಂತ 2,509 ಗ್ರಂಥಾಲಯಗಳು ಎದ್ದವು. ಆದರೆ ಪ್ರಬಂಧ ಬಂದ ಮೂರೇ ವರ್ಷಕ್ಕೆ, 1892ರಲ್ಲಿ, ಹೋಮ್‌ಸ್ಟೆಡ್‌ನ ಅವರ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿರುದ್ಧ ಎದ್ದ ಹೋರಾಟವನ್ನು ಮುರಿಯಲು ಬಾಡಿಗೆ ಕಾವಲುಪಡೆ ತರಿಸಲಾಯಿತು. ಎರಡೂ ಕಡೆ ಹೆಣಗಳು ಬಿದ್ದವು. ದಿನಕ್ಕೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ಬೇಯುವವನು ಗ್ರಂಥಾಲಯಕ್ಕೆ ಹೋಗುವುದು ಯಾವಾಗ ಎಂದು ಜನ ಅಂದೇ ಕೇಳಿದರು. ಈ ಚರ್ಚೆಯ ಎರಡೂ ಎಳೆಗಳು ಅಲ್ಲಿಂದ ಹುಟ್ಟಿದವು.

ಗಾಂಧೀಜಿ ಇದಕ್ಕೆ ಬೇರೊಂದು ದಾರಿ ತೋರಿಸಿದರು. ಸಿರಿವಂತ ತನ್ನ ಸಂಪತ್ತಿಗೆ ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ನೋಡಿಕೊಳ್ಳುವ ಧರ್ಮದರ್ಶಿ ಎಂದರು. 1945ರಲ್ಲಿ ಬಂದ ತಮ್ಮ ಪುಸ್ತಕವೊಂದರಲ್ಲಿ ಅಂಬೇಡ್ಕರರು ಈ ವಿಚಾರವನ್ನು ಕಟುವಾಗಿ ಟೀಕಿಸಿದರು. ಮೇಲಿನವರ ಒಳ್ಳೆಯತನವನ್ನು ನೆಚ್ಚಿ ಕೂರುವ ಬಾಳಲ್ಲ, ಹಕ್ಕಿನ ಬಾಳು ಬೇಕು ಎಂಬುದು ಅವರ ಜೀವಮಾನದ ನಿಲುವು.

2010ರಲ್ಲಿ ಬಫೆಟ್ ಹಾಗೂ ಗೇಟ್ಸ್ ದಂಪತಿ ಗಿವಿಂಗ್ ಪ್ಲೆಡ್ಜ್ ಆರಂಭಿಸಿದಾಗ ಹಳೆಯ ಚರ್ಚೆಗೆ ಮತ್ತೆ ಕಾವು ಬಂತು. ಸಂಪತ್ತಿನ ಅರ್ಧಕ್ಕಿಂತ ಹೆಚ್ಚನ್ನು ಕೊಡುತ್ತೇವೆಂದು ಶತಕೋಟ್ಯಧೀಶರು ಬಹಿರಂಗವಾಗಿ ಮಾತು ಕೊಡುವ ಏರ್ಪಾಡು ಇದು. ಕಾನೂನಿನ ಕಟ್ಟು ಇಲ್ಲ, ಮಾತೇ ಕಟ್ಟು. ಮೊದಲಿಗೆ 40 ಕುಟುಂಬಗಳು ಸೇರಿದವು. ಈಗ ಆ ಸಂಖ್ಯೆ 240 ದಾಟಿದೆ. ಭಾರತದಿಂದ ಮೊದಲು ಸಹಿ ಹಾಕಿದವರು ಬೆಂಗಳೂರಿನ ಅಜೀಂ ಪ್ರೇಮ್‌ಜಿ. ನಂತರ ಕಿರಣ್ ಮಜುಂದಾರ್ ಷಾ, ನಂದನ್ ಮತ್ತು ರೋಹಿಣಿ ನಿಲೇಕಣಿ, ನಿಖಿಲ್ ಕಾಮತ್ ಸೇರಿದರು. ಹಾಗಾಗಿ ಈ ಚರ್ಚೆ ದೂರದ ಅಮೆರಿಕದ್ದು ಮಾತ್ರ ಎಂದು ನಾವು ಸುಮ್ಮನಿರುವಂತಿಲ್ಲ.

ಮೊದಲ ನಿಲುವು: ಉಂಡವರೇ ಬಲ್ಲರು

ಸಿರಿವಂತರ ಮಾತಿಗೆ ಬೆಲೆ ಕೊಡಬೇಕು ಎನ್ನುವವರ ವಾದ ಸರಳ. ದುಡ್ಡಿನಿಂದ ಏನೆಲ್ಲ ಆಗುತ್ತದೆ ಎಂದು ಕೊನೆಯವರೆಗೆ ಪರೀಕ್ಷೆ ಮಾಡಿ ನೋಡಲು ಸಾಧ್ಯವಾದದ್ದು ಅವರಿಗೆ ಮಾತ್ರ. ಆದ್ದರಿಂದ ದುಡ್ಡಿನಿಂದ ಏನು ಆಗುವುದಿಲ್ಲ ಎಂಬ ವಿಷಯದಲ್ಲಿ ಅವರ ಸಾಕ್ಷಿ ಗಟ್ಟಿ.

ಈ ಸಾಕ್ಷಿ ಹೇಳುವುದು ಮುಖ್ಯವಾಗಿ ಪ್ರೀತಿಯ ಬಗ್ಗೆ. ಬಫೆಟ್ ವಿದ್ಯಾರ್ಥಿಗಳ ಮುಂದೆ ಮತ್ತೆ ಮತ್ತೆ ಹೇಳಿದ ಒಂದು ಪ್ರಸಂಗವಿದೆ. ಆಶ್ವಿಟ್ಜ್ ಯಾತನಾಶಿಬಿರದಿಂದ ಬದುಕಿ ಬಂದ ಒಬ್ಬ ಯಹೂದಿ ಹೆಂಗಸು ಒಮಾಹಾದಲ್ಲಿದ್ದರು. ಹೊಸಬರ ಗೆಳೆತನ ಮಾಡಲು ಅವರಿಗೆ ಬಹಳ ಕಾಲ ಹಿಡಿಯುತ್ತಿತ್ತು. ಎದುರಿಗಿದ್ದವರನ್ನು ನೋಡಿದಾಗ ಅವರ ಮನಸ್ಸಿನಲ್ಲಿ ಏಳುತ್ತಿದ್ದ ಪ್ರಶ್ನೆ ಒಂದೇ: ಕಷ್ಟಕಾಲ ಬಂದರೆ ಈ ಮನುಷ್ಯ ನನ್ನನ್ನು ಬಚ್ಚಿಡುತ್ತಾನೆಯೇ? ವಯಸ್ಸಾದಾಗ ನಿಮ್ಮನ್ನು ಬಚ್ಚಿಡುವವರು ಹಲವರಿದ್ದರೆ ನೀವು ಗೆದ್ದಿರಿ ಎನ್ನುತ್ತಾರೆ ಬಫೆಟ್. ಹೆಸರಿನಲ್ಲಿ ಕಟ್ಟಡಗಳಿದ್ದು, ಸನ್ಮಾನಗಳಾಗಿದ್ದು, ಹೆತ್ತ ಮಕ್ಕಳೇ ಬಚ್ಚಿಡಲಾರದಂಥ ಸಿರಿವಂತರನ್ನು ತಾವು ಬಲ್ಲೆವೆಂದೂ ಹೇಳುತ್ತಾರೆ. ಪ್ರೀತಿಯನ್ನು ಕೊಳ್ಳಲಾಗದು, ಪ್ರೀತಿಗೆ ತಕ್ಕವರಾಗುವುದೊಂದೇ ದಾರಿ ಎಂಬುದು ಅವರ ತೀರ್ಮಾನ.

ಅವರ ಜೊತೆಗಾರ ಚಾರ್ಲಿ ಮಂಗರ್ ಹೇಳುತ್ತಿದ್ದುದೂ ಇದನ್ನೇ: ಒಳ್ಳೆಯ ಸಂಗಾತಿ ಬೇಕೆಂದರೆ ಅಂಥವರಿಗೆ ತಕ್ಕವರಾಗಬೇಕು. 2023ರಲ್ಲಿ ತೊಂಬತ್ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡ ಮಂಗರ್ ಬಾಳಿನ ಆರಂಭದಲ್ಲೇ ಬಹಳ ನೊಂದಿದ್ದರು. ಮೊದಲ ಮದುವೆ ಮುರಿದಿತ್ತು. 1955ರಲ್ಲಿ ಒಂಬತ್ತು ವರ್ಷದ ಮಗ ಟೆಡ್ಡಿ ರಕ್ತಕ್ಯಾನ್ಸರಿನಿಂದ ಸತ್ತ. ಆ ಕಾಲದಲ್ಲಿ ಎಷ್ಟು ದುಡ್ಡು ಸುರಿದರೂ ಆ ರೋಗಕ್ಕೆ ಮದ್ದಿರಲಿಲ್ಲ.

ಹೂಡಿಕೆದಾರ ಜಾನ್ ಟೆಂಪಲ್ಟನ್ ಇನ್ನೂ ಮುಂದೆ ಹೋದರು. 1939ರಲ್ಲಿ ಸಾಲದ ಹಣದಿಂದ ಒಂದು ಡಾಲರಿಗಿಂತ ಕಡಿಮೆ ಬೆಲೆಯ 104 ಕಂಪನಿಗಳ ಷೇರು ಕೊಂಡು ಹೆಸರಾದ ಅವರು, ಕೊನೆಗಾಲದಲ್ಲಿ ಎಲ್ಲರನ್ನೂ ಸಮನಾಗಿ ಪ್ರೀತಿಸುವ ಬಗ್ಗೆ ಪುಸ್ತಕ ಬರೆದರು. ನೊಬೆಲ್‌ಗಿಂತ ಹೆಚ್ಚಿನ ಮೊತ್ತವಿರಲೇಬೇಕೆಂದು ಅವರು ಸ್ಥಾಪಿಸಿದ ಪ್ರಶಸ್ತಿ 1973ರಲ್ಲಿ ಮೊದಲು ಸಂದದ್ದು ಮದರ್ ತೆರೇಸಾ ಅವರಿಗೆ. 1990ರಲ್ಲಿ ಅದನ್ನು ಹಂಚಿಕೊಂಡ ಇಬ್ಬರಲ್ಲಿ ಬಾಬಾ ಆಮ್ಟೆ ಒಬ್ಬರು.

ಈ ನಿಲುವಿಗೆ ಒಂದು ಮಿತಿಯಿದೆ. ಪ್ರೀತಿಯ ಬೆಲೆ ಹೇಳಿದವರು ಅದನ್ನು ಪಾಲಿಸಿದ್ದಾರೆಂದೇನೂ ಇಲ್ಲ. ಬಫೆಟ್ ಅವರ ಮಡದಿ ಸೂಸನ್ 1977ರಲ್ಲಿ ಮನೆ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. 2004ರಲ್ಲಿ ತೀರಿಕೊಳ್ಳುವವರೆಗೂ ಇಬ್ಬರೂ ಗಂಡಹೆಂಡಿರೇ ಆಗಿದ್ದರು, ಆದರೆ ಬೇರೆ ಬೇರೆ ಊರಿನಲ್ಲಿ. ಅದರಲ್ಲಿ ಬಹುಪಾಲು ತಪ್ಪು ತಮ್ಮದೇ ಎಂದು ಬಫೆಟ್ ತಮ್ಮ ಜೀವನಚರಿತ್ರೆಕಾರರ ಮುಂದೆ ಒಪ್ಪಿಕೊಂಡಿದ್ದಾರೆ. ಮನಸ್ಸೆಲ್ಲ ಲೆಕ್ಕದ ಕಡೆಗಿದ್ದ ಕಾಲದಲ್ಲಿ ಮನೆಯಲ್ಲಿ ಏನು ಕಳೆದುಹೋಯಿತು ಎಂಬುದನ್ನು ಬಲ್ಲವರ ಮಾತು ಅದು. ಅದಕ್ಕೇ ಅದನ್ನು ಲಘುವಾಗಿ ತೆಗೆದುಕೊಳ್ಳಬಾರದು.

ಎರಡನೆಯ ನಿಲುವು: ಬದುಕಿರುವಾಗಲೇ ಕೊಡು

ಈ ಬಳಗದವರಿಗೆ ಮಾತು ಮುಖ್ಯವಲ್ಲ, ಕೈ ಮುಖ್ಯ. ಇವರ ಆದರ್ಶ ಚಕ್ ಫೀನಿ. ವಿಮಾನ ನಿಲ್ದಾಣಗಳ ಸುಂಕರಹಿತ ಅಂಗಡಿಗಳಿಂದ ಶತಕೋಟಿಗಳನ್ನು ಗಳಿಸಿದ ಅವರು 1984ರಲ್ಲಿ ತಮ್ಮ ಪಾಲನ್ನೆಲ್ಲ ಗುಟ್ಟಾಗಿ ಒಂದು ದತ್ತಿ ಸಂಸ್ಥೆಗೆ ವರ್ಗಾಯಿಸಿದರು. 1997ರವರೆಗೆ ಇದು ಹೊರಜಗತ್ತಿಗೆ ಗೊತ್ತಿರಲಿಲ್ಲ. ಐರ್ಲೆಂಡಿನ ವಿಶ್ವವಿದ್ಯಾಲಯಗಳು, ವಿಯೆಟ್ನಾಮಿನ ಆರೋಗ್ಯ ಸೇವೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಹೀಗೆ ಸುಮಾರು 800 ಕೋಟಿ ಡಾಲರ್ ಕೊಟ್ಟು 2020ರಲ್ಲಿ ಸಂಸ್ಥೆಯನ್ನೇ ಮುಚ್ಚಿದರು. ಕೈಗೆ ಅಗ್ಗದ ಕ್ಯಾಸಿಯೊ ವಾಚು, ವಾಸಕ್ಕೆ ಬಾಡಿಗೆ ಮನೆ. 2023ರಲ್ಲಿ ತೀರಿಕೊಳ್ಳುವಾಗ ಅವರ ಸಂಪತ್ತು ಅವರ ಹೆಸರಿನಲ್ಲಿ ಇರಲಿಲ್ಲ.

ಇದಕ್ಕಿಂತ ಮೊದಲೇ ಅಮೆರಿಕದ ವ್ಯಾಪಾರಿ ಜೂಲಿಯಸ್ ರೋಸೆನ್‌ವಾಲ್ಡ್ ಇದೇ ದಾರಿ ಹಿಡಿದಿದ್ದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ಅವರ ನೆರವಿನಿಂದ ಎದ್ದವು. ಅವರು ಕೊಟ್ಟಷ್ಟೇ ಹಣವನ್ನು ಹೆಚ್ಚೂಕಡಿಮೆ ಊರಿನ ಬಡ ಕಪ್ಪು ಜನರೂ ಕೂಡಿಸಿಕೊಟ್ಟರು. ಶಾಲೆ ತಮ್ಮದು ಎಂಬ ಭಾವ ಅವರಲ್ಲಿ ಉಳಿದದ್ದು ಅದರಿಂದ. ತಾವು ಸತ್ತು ಇಪ್ಪತ್ತೈದು ವರ್ಷದೊಳಗೆ ನಿಧಿ ಖಾಲಿಯಾಗಬೇಕೆಂದು ರೋಸೆನ್‌ವಾಲ್ಡ್ ಕಟ್ಟಳೆ ಮಾಡಿದ್ದರು. 1932ರಲ್ಲಿ ಅವರು ತೀರಿಕೊಂಡರು, 1948ರಲ್ಲಿ ನಿಧಿ ಮುಗಿಯಿತು.

ನಮ್ಮ ಕಣ್ಣೆದುರಿನ ಉದಾಹರಣೆ ಪ್ರೇಮ್‌ಜಿ. ತಂದೆ ತೀರಿಕೊಂಡಾಗ, 1966ರಲ್ಲಿ, ಓದು ಅರ್ಧಕ್ಕೆ ಬಿಟ್ಟು ಬಂದು ಅಮಳ್ನೇರಿನ ವನಸ್ಪತಿ ಎಣ್ಣೆಯ ಕಂಪನಿಯನ್ನು ಕೈಗೆತ್ತಿಕೊಂಡರು. ಅದೇ ಮುಂದೆ ವಿಪ್ರೋ ಆಯಿತು. 2019ರ ಮಾರ್ಚ್ ಹೊತ್ತಿಗೆ ತಮ್ಮ ಪ್ರತಿಷ್ಠಾನಕ್ಕೆ ಅವರು ಒಪ್ಪಿಸಿದ ಸಂಪತ್ತಿನ ಮೌಲ್ಯ 1.45 ಲಕ್ಷ ಕೋಟಿ ರೂಪಾಯಿ. ಮುಂಬಯಿಯಲ್ಲಿ ಅಂಗವಿಕಲ ಮಕ್ಕಳ ಆಸ್ಪತ್ರೆಗಾಗಿ ದುಡಿದ ವೈದ್ಯೆ ತಾಯಿಯನ್ನೂ ಗಾಂಧೀಜಿಯನ್ನೂ ಅವರು ತಮ್ಮ ಪ್ರೇರಣೆಯೆಂದು ನೆನೆಯುತ್ತಾರೆ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಸರ್ಕಾರಿ ಶಾಲೆಯ ಶಿಕ್ಷಕರ ಜೊತೆ ಅವರ ಪ್ರತಿಷ್ಠಾನ ವರ್ಷಗಟ್ಟಲೆ ಕೂತು ಕೆಲಸ ಮಾಡಿದೆ. ಹೆಸರು ಕೆತ್ತಿಸಲು ಬರುವ ಕೆಲಸವಲ್ಲ ಅದು.

ಅಮೆರಿಕದ ದಾನಿ ಮೆಕೆಂಜಿ ಸ್ಕಾಟ್ ಮತ್ತೊಂದು ಮಾದರಿ. 2019ರಿಂದ 1,900 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿರುವ ಅವರು ಪಡೆಯುವ ಸಂಸ್ಥೆಗಳಿಗೆ ಷರತ್ತು ಹಾಕುವುದಿಲ್ಲ. ಪಡೆಯುವವರಿಗೆ ತಮ್ಮ ಕೆಲಸ ತಿಳಿದಿದೆ ಎಂದು ನಂಬುತ್ತಾರೆ. ಕೊಡುವವರು ಸಾಮಾನ್ಯವಾಗಿ ಬಿಟ್ಟುಕೊಡದ ಅಧಿಕಾರವನ್ನು ಇವರು ಹಣದ ಜೊತೆಗೇ ಕೊಡುತ್ತಿದ್ದಾರೆ. ದಾನದ ಚರಿತ್ರೆಯಲ್ಲಿ ಇದು ದೊಡ್ಡ ಹೆಜ್ಜೆ.

ಮೂರನೆಯ ನಿಲುವು: ಲೆಕ್ಕ ಹಾಕಿ ಕೊಡು

1972ರಲ್ಲಿ ತತ್ವಜ್ಞ ಪೀಟರ್ ಸಿಂಗರ್ ಒಂದು ಪ್ರಬಂಧ ಪ್ರಕಟಿಸಿದರು. ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಭಾರತಕ್ಕೆ ಹರಿದು ಬಂದ ಸಂಕಟವೇ ಅದಕ್ಕೆ ನೆಪ. ಕಣ್ಣೆದುರಿನ ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೆಸರಾದೀತೆಂದು ಯಾರೂ ಹಿಂಜರಿಯುವುದಿಲ್ಲ; ದೂರ ದೇಶದಲ್ಲಿ ಸಾಯುತ್ತಿರುವ ಮಗುವಿನ ವಿಷಯದಲ್ಲಿ ಮಾತ್ರ ಏಕೆ ಹಿಂಜರಿಯಬೇಕು ಎಂದು ಅವರು ಕೇಳಿದರು. ಇದರಿಂದ ಬೆಳೆದ ಪಂಥ ದಾನವನ್ನೂ ಹೂಡಿಕೆಯ ಹಾಗೆ ನೋಡುತ್ತದೆ. ಯಾವ ಕೆಲಸಕ್ಕೆ ಕೊಟ್ಟರೆ ಒಂದು ರೂಪಾಯಿಗೆ ಹೆಚ್ಚು ಜೀವ ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತದೆ. ಸೊಳ್ಳೆಪರದೆ, ಜಂತುಹುಳುವಿನ ಮಾತ್ರೆಯಂಥ ಸಣ್ಣ ವಸ್ತುಗಳ ಬೆಲೆ ಜಗತ್ತಿಗೆ ತಿಳಿದದ್ದರಲ್ಲಿ ಇವರ ಪಾಲಿದೆ.

ಆದರೆ ಈ ಪಂಥದಲ್ಲಿ ಕೆಲವರು, ಹೆಚ್ಚು ಕೊಡಬೇಕಾದರೆ ಮೊದಲು ಹೆಚ್ಚು ಗಳಿಸಬೇಕು ಎಂದರು. ಆ ಮಾತನ್ನು ಹಿಡಿದು ಹೊರಟ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್ ಅವರ ಕ್ರಿಪ್ಟೋ ಸಾಮ್ರಾಜ್ಯ 2022ರ ನವೆಂಬರಿನಲ್ಲಿ ಕುಸಿಯಿತು. ಗ್ರಾಹಕರ ಹಣ ದುರ್ಬಳಕೆ ಮಾಡಿದ್ದಕ್ಕೆ 2024ರಲ್ಲಿ ಅವರಿಗೆ 25 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಗಳಿಸುವ ದಾರಿ ಕೊಳೆಯಾದರೆ ಕೊಡುವ ಉದ್ದೇಶ ಅದನ್ನು ತೊಳೆಯಲಾರದು ಎಂಬುದು ಅದರಿಂದ ಕಲಿತ ಪಾಠ. ಲೆಕ್ಕದಿಂದ ದಾನಕ್ಕೆ ಶಿಸ್ತು ಬರುತ್ತದೆ. ಲೆಕ್ಕ ಹಾಕುವವನ ಶೀಲಕ್ಕೆ ಅದು ಹೊಣೆಯಾಗುವುದಿಲ್ಲ.

ನಾಲ್ಕನೆಯ ನಿಲುವು: ದಾನ ಬೇಡ, ನ್ಯಾಯ ಬೇಕು

ಆನಂದ್ ಗಿರಿಧರದಾಸ್ ಮತ್ತು ರಾಬ್ ರೀಶ್ 2018ರಲ್ಲಿ ಪ್ರಕಟಿಸಿದ ಪುಸ್ತಕಗಳು ಹಳೆಯ ಟೀಕೆಗೆ ಹೊಸ ಬಲ ಕೊಟ್ಟವು. ದಾನವೂ ಒಂದು ಬಗೆಯ ಅಧಿಕಾರ ಎನ್ನುತ್ತಾರೆ ಇವರು. ಯಾವ ರೋಗಕ್ಕೆ ಮದ್ದು ಬೇಕು, ಯಾವ ಶಾಲೆ ಬೆಳೆಯಬೇಕು ಎಂಬುದನ್ನು ಜನ ಆರಿಸದ ಒಬ್ಬ ವ್ಯಕ್ತಿ ನಿರ್ಧರಿಸುತ್ತಾನೆ. ತೆರಿಗೆ ವಿನಾಯಿತಿಯ ಮೂಲಕ ಅದರ ಒಂದು ಪಾಲನ್ನು ನಾವೆಲ್ಲರೂ ತುಂಬುತ್ತೇವೆ. ಬಫೆಟ್ ಅವರೇ 2011ರಲ್ಲಿ ಪತ್ರಿಕೆಗೆ ಬರೆದ ಲೇಖನವೊಂದರಲ್ಲಿ, ತಾವು ಆದಾಯದ ಶೇ 17.4ರಷ್ಟು ತೆರಿಗೆ ಕಟ್ಟಿದರೆ ತಮ್ಮ ಕಚೇರಿಯ ಉಳಿದವರೆಲ್ಲರ ದರ ಅದಕ್ಕಿಂತ ಬಹಳ ಹೆಚ್ಚು ಎಂದು ತಿಳಿಸಿ, ತಮ್ಮಂಥವರ ತೆರಿಗೆ ಏರಿಸಿ ಎಂದು ಕೇಳಿದರು. ಭಾರತದಲ್ಲಿ ಎಸ್ಟೇಟ್ ಸುಂಕ 1985ರಲ್ಲಿ ಹೋಯಿತು, ಸಂಪತ್ತು ತೆರಿಗೆ ರದ್ದಾಗುವ ಘೋಷಣೆ 2015ರಲ್ಲಿ ಬಂತು. 2013ರ ಕಂಪನಿ ಕಾಯ್ದೆಯಡಿ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಅದನ್ನು ಎಲ್ಲಿ ಮಾಡಬೇಕೆಂಬ ಆಯ್ಕೆ ಬಹುಮಟ್ಟಿಗೆ ಅವರದೇ.

ಕರ್ನಾಟಕದ ಬಿಸಿಯೂಟದ ತಟ್ಟೆಯಲ್ಲೇ ಈ ಪ್ರಶ್ನೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಸರ್ಕಾರ ವಾರಕ್ಕೆ ಎರಡು ಮೊಟ್ಟೆ ಕೊಡುತ್ತಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದೆ ಬಂತು. ಉಳಿದ ನಾಲ್ಕು ದಿನವೂ ತಟ್ಟೆಗೆ ಮೊಟ್ಟೆ ಬಂತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. ಹೊಟ್ಟೆ ಹಸಿದ ಮಗುವಿಗೆ ಮೊಟ್ಟೆ ಯಾರ ದುಡ್ಡಿನದು ಎಂಬುದು ಮುಖ್ಯವಲ್ಲ. ಈ ಕೊಡುಗೆಯನ್ನು ಬೇಡವೆನ್ನುವ ಹಕ್ಕು ಯಾವ ಪಂಡಿತನಿಗೂ ಇಲ್ಲ. ಆದರೂ ಕೇಳಬೇಕಾದ ಮಾತೊಂದಿದೆ. ಮಕ್ಕಳ ಪೌಷ್ಟಿಕ ಆಹಾರ ರಾಜ್ಯದ ಕರ್ತವ್ಯವೇ ಆಗಿದ್ದರೆ ಅದು ಒಪ್ಪಂದದ ಅವಧಿಗೆ ಕಟ್ಟುಬಿದ್ದಿರಬಾರದು. ಒಳ್ಳೆಯ ದಾನಿ ದಾರಿ ತೋರಿಸಬಹುದು, ಸರ್ಕಾರದ ಹೊಣೆಯನ್ನು ಸದಾ ಹೊರಲಾರ.

ಪ್ರಯೋಗಗಳು ಏನನ್ನು ತೋರಿಸಿವೆ

ಮನಶ್ಶಾಸ್ತ್ರಜ್ಞರು ಇದನ್ನು ಬೇರೆ ಕಡೆಯಿಂದ ನೋಡುತ್ತಾರೆ. 2008ರಲ್ಲಿ ಎಲಿಜಬೆತ್ ಡನ್ ಮತ್ತು ಸಂಗಡಿಗರು ಜನರಿಗೆ ಬೆಳಿಗ್ಗೆ 5 ಅಥವಾ 20 ಡಾಲರ್ ಕೊಟ್ಟು, ಕೆಲವರಿಗೆ ತಮಗಾಗಿ, ಕೆಲವರಿಗೆ ಬೇರೆಯವರಿಗಾಗಿ ಖರ್ಚು ಮಾಡಲು ಹೇಳಿದರು. ಸಂಜೆ ವಿಚಾರಿಸಿದಾಗ ಬೇರೆಯವರಿಗೆ ಖರ್ಚು ಮಾಡಿದವರು ಹೆಚ್ಚು ಸಂತೋಷವಾಗಿದ್ದರು. ಐದೋ ಇಪ್ಪತ್ತೋ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಔದಾರ್ಯದ ಸುಖಕ್ಕೆ ಸಿರಿತನ ಬೇಕಿಲ್ಲ ಎಂದಾಯಿತು.

ಹಣದಿಂದ ಸುಖ ಹೆಚ್ಚುತ್ತದೆಯೇ ಎಂಬುದಕ್ಕೆ ಉತ್ತರ ಬದಲಾಗುತ್ತ ಬಂದಿದೆ. ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ನೆಮ್ಮದಿ ಏರುವುದಿಲ್ಲ ಎಂದು 2010ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಆ್ಯಂಗಸ್ ಡೀಟನ್ ಹೇಳಿದ್ದರು. 2023ರಲ್ಲಿ ಕಾಹ್ನೆಮನ್ ತಮ್ಮ ಟೀಕಾಕಾರ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಜೊತೆಗೇ ಕೂತು ಮಾಹಿತಿ ಪರಿಶೀಲಿಸಿದರು. ಬಹುಪಾಲು ಜನರಲ್ಲಿ ಏರಿಕೆ ನಿಲ್ಲುವುದಿಲ್ಲ, ಬಹಳ ದುಃಖದಲ್ಲಿರುವ ಒಂದು ಭಾಗದ ಜನರಲ್ಲಿ ಮಾತ್ರ ಒಂದು ಹಂತದ ನಂತರ ನಿಲ್ಲುತ್ತದೆ ಎಂದು ತಿದ್ದಿದರು. ಬಡತನದಲ್ಲೇ ಸುಖವಿದೆ ಎಂಬ ಉಪದೇಶಕ್ಕೆ ಇದು ತಡೆ. ಇನ್ನೊಂದು ಕಡೆ, 1938ರಿಂದ ನಡೆದು ಬಂದ ಹಾರ್ವರ್ಡ್ ಅಧ್ಯಯನ ಮುಪ್ಪಿನ ಆರೋಗ್ಯಕ್ಕೂ ನೆಮ್ಮದಿಗೂ ಆಪ್ತ ಸಂಬಂಧಗಳೇ ದೊಡ್ಡ ಆಸರೆ ಎನ್ನುತ್ತದೆ. ಬಫೆಟ್ ಹೇಳಿದ ಬಚ್ಚಿಡುವವರ ಮಾತಿಗೂ ಈ ಅಧ್ಯಯನಕ್ಕೂ ಇಲ್ಲಿ ತಾಳೆಯಾಗುತ್ತದೆ.

ಲಕ್ಕಮ್ಮನ ಅಳತೆ

ಇವೆಲ್ಲಕ್ಕೂ ಹೊರಗೆ ನಿಂತ ಒಂದು ದೃಷ್ಟಿ ನಮ್ಮ ಹನ್ನೆರಡನೆಯ ಶತಮಾನದ ಕಲ್ಯಾಣದ್ದು. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದವನು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಇದು ಆಸೆ, ತಂದಲ್ಲೇ ಸುರಿದು ಬಾ ಎಂದಳು. ಕೊಡುವುದಕ್ಕಾಗಿಯೇ ತಂದದ್ದಾದರೂ ಮಿತಿ ಮೀರಿದ್ದು ಅವಳಿಗೆ ಸಲ್ಲಲಿಲ್ಲ.

ಮೇಲಿನ ಎಲ್ಲ ಪಂಥಗಳೂ ಕೂಡಿಟ್ಟ ಮೇಲೆ ಏನು ಮಾಡಬೇಕೆಂದು ಕೇಳುತ್ತವೆ. ಲಕ್ಕಮ್ಮ ಕೂಡಿಡುವ ಹೊತ್ತಿನಲ್ಲೇ ತಡೆಯುತ್ತಾಳೆ. ಅವಳ ಅಳತೆಯಲ್ಲಿ ದೊಡ್ಡ ದಾನಕ್ಕಿಂತ ಸರಿಯಾದ ಗಳಿಕೆ ಮೇಲು. ಸಾವಿರಾರು ಜನರಿಗೆ ಉದ್ಯೋಗ ಕೊಡುವ ಇಂದಿನ ಕಂಪನಿ ಬಂಡವಾಳ ಕೂಡಿಸದೆ ನಡೆಯಲಾರದು ಎಂಬುದು ನಿಜ. ಆದರೂ ಸಾಕು ಎನ್ನುವ ಗೆರೆ ಎಲ್ಲಿದೆ ಎಂಬ ಅವಳ ಪ್ರಶ್ನೆಗೆ ಇಂದಿನ ಅರ್ಥಶಾಸ್ತ್ರ ಉತ್ತರ ಕೊಟ್ಟಿಲ್ಲ.

ಇನ್ನೂ ತೀರ್ಮಾನವಾಗದ್ದು

ಮೊದಲನೆಯದು, ಯಾವಾಗ ಕೊಡಬೇಕು. ಹಣ ತಮ್ಮ ಕೈಯಲ್ಲಿದ್ದರೆ ಬೆಳೆಯುತ್ತದೆ, ಆಮೇಲೆ ಹೆಚ್ಚು ಕೊಡಬಹುದು ಎಂದು ಬಫೆಟ್ 2006ರವರೆಗೆ ದೊಡ್ಡ ದಾನವನ್ನು ಮುಂದೂಡಿದ್ದರು. ಫೀನಿ ಕಾಯಲಿಲ್ಲ. ಬಡ್ಡಿಯ ಮೇಲೆ ಬಡ್ಡಿ ಬೆಳೆಯುವಂತೆ ಕಷ್ಟವೂ ಬೆಳೆಯುತ್ತದೆ. ಎರಡರಲ್ಲಿ ಯಾವುದರ ಓಟ ಹೆಚ್ಚು ಎಂಬುದಕ್ಕೆ ಒಪ್ಪಿತ ಲೆಕ್ಕವಿಲ್ಲ.

ಎರಡನೆಯದು, ಹೇಳಿ ಕೊಡಬೇಕೋ ಹೇಳದೆ ಕೊಡಬೇಕೋ. ಗುಟ್ಟಿನ ದಾನದಲ್ಲಿ ವಿನಯವಿದೆ, ಬಹಿರಂಗ ದಾನದಿಂದ ಬೇರೆಯವರಿಗೆ ಪ್ರೇರಣೆ ಸಿಗುತ್ತದೆ, ಲೆಕ್ಕ ಕೇಳುವುದಕ್ಕೂ ಅವಕಾಶವಾಗುತ್ತದೆ.

ಮೂರನೆಯದು, ಸಿರಿತನ ಮನಸ್ಸನ್ನು ಬಿಗಿಯಾಗಿಸುತ್ತದೆಯೇ. ಮೇಲ್ವರ್ಗದವರು ಕಡಿಮೆ ಉದಾರಿಗಳು ಎಂದು 2010ರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಪಿಫ್ ಅವರ ತಂಡ ಹೇಳಿತು. 2015ರಲ್ಲಿ ಜರ್ಮನಿಯ ಸಂಶೋಧಕರಿಗೆ ಸಾವಿರಾರು ಜನರ ಮಾಹಿತಿಯಲ್ಲಿ ಅದಕ್ಕೆ ತದ್ವಿರುದ್ಧ ಫಲ ಸಿಕ್ಕಿತು.

ನಾಲ್ಕನೆಯದು, ದಾನಿಗೆ ಯಾರು ಲೆಕ್ಕ ಕೇಳಬೇಕು. ತೆರಿಗೆ, ಕಾನೂನು, ಪಡೆಯುವವರ ಧ್ವನಿ ಇವುಗಳ ಪ್ರಮಾಣ ಎಷ್ಟಿರಬೇಕೆಂಬ ಚರ್ಚೆ ಹಲವು ದೇಶಗಳಲ್ಲಿ ನಡೆದಿದೆ.

ಇಷ್ಟರ ನಡುವೆ ನನಗೆ ಸ್ಪಷ್ಟವಾಗಿ ಕಾಣುವುದು ಒಂದಿದೆ. ಪ್ರೀತಿಯ ವಿಷಯದಲ್ಲಿ ಸಿರಿವಂತರ ಸಾಕ್ಷಿಯನ್ನು ನಂಬಬಹುದು, ಏಕೆಂದರೆ ಅಲ್ಲಿ ಅವರು ತಮ್ಮ ಹಣ ಸೋತದ್ದನ್ನು ಹೇಳುತ್ತಿದ್ದಾರೆ. ಔದಾರ್ಯದ ವಿಷಯದಲ್ಲಿ ಅವರನ್ನೇ ಗುರುವೆಂದು ಹಿಡಿಯಬೇಕಿಲ್ಲ. 2010ರ ತಮ್ಮ ವಾಗ್ದಾನ ಪತ್ರದಲ್ಲಿ ಬಫೆಟ್ ಅವರೇ ಬರೆದಂತೆ, ಸಂಪತ್ತಿನ ಶೇ 99ರಷ್ಟನ್ನು ಕೊಟ್ಟರೂ ಅವರ ಬದುಕಿನಲ್ಲಿ ಏನೂ ಕಡಿಮೆಯಾಗುವುದಿಲ್ಲ. ಸಿನಿಮಾ, ಹೋಟೆಲು ಬಿಟ್ಟು ಪ್ರಾರ್ಥನಾ ಮಂದಿರಕ್ಕೋ ಶಾಲೆಗೋ ಸಣ್ಣ ಮೊತ್ತ ಕೊಡುವವರ ತ್ಯಾಗವೇ ದೊಡ್ಡದು. ನಿಜವಾದ ಯೋಗ್ಯತೆಯ ಬಗ್ಗೆ ಅವರು 2025ರ ನವೆಂಬರಿನ ಪತ್ರದಲ್ಲಿ ಹೇಳಿದ್ದು ಇನ್ನೂ ನೇರವಾಗಿದೆ: ಹಣ, ಪ್ರಚಾರ, ಅಧಿಕಾರದಿಂದ ಯಾರೂ ದೊಡ್ಡವರಾಗುವುದಿಲ್ಲ, ಕಚೇರಿ ಗುಡಿಸುವ ಹೆಂಗಸೂ ಅಧ್ಯಕ್ಷನಷ್ಟೇ ಮನುಷ್ಯಳು.

ಈ ಮಾತನ್ನು ಪರೀಕ್ಷಿಸಲು ಶತಕೋಟಿ ಬೇಕಿಲ್ಲ. ನಿಮ್ಮ ಕಚೇರಿ ಗುಡಿಸುವವರಿಗೆ, ಮನೆಗೆಲಸಕ್ಕೆ ಬರುವವರಿಗೆ ಸರಿಯಾದ ಸಂಬಳ ಸರಿಯಾದ ದಿನ ಸಿಗುತ್ತಿದೆಯೇ ಎಂದು ಮೊದಲು ನೋಡಿ. ದಾನದ ಮಾತು ಅದಾದ ಮೇಲೆ.